ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಬಂದಿಳಿದ ತೀರ್ಥಹಳ್ಳಿಯ ತಂಗಿಗೆ

ತಂಗಿ, ನಿಮ್ಮ ಯಜಮಾನರು ಬ್ಯಾಟರಿ ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ, ರಾತ್ರಿ ಉಸಿರಾಟದ ಯಂತ್ರ ಬೇಕು, ಮನೆ ಮೂರನೇ ಮಹಡಿ. ಪ್ರವಾಹವೋ ಬೆಂಕಿಯೋ ಬಂದರೆ ಇಲ್ಲಿಯ ಸರ್ಕಾರ ಬಂದು ಕರೆದೊಯ್ಯುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲಿಯ ತುರ್ತು ಸಂಖ್ಯೆ 000ಗೆ ಕರೆ ಮಾಡಿದರೆ ಬರುತ್ತಾರೆ, ಸುಳ್ಳಲ್ಲ. ಆದರೆ ಊರಿಗೆ ಊರೇ ಮುಳುಗಿದ ದಿನ ನಿಮ್ಮ ಸರದಿ ಎಷ್ಟು ಹೊತ್ತಿಗೆ ಬರುತ್ತದೆಂದು ಯಾರೂ ಹೇಳಲಾರರು.

ನಮ್ಮೂರಲ್ಲಿ ತುಂಗೆ ಉಕ್ಕಿ ರಾಮಮಂಟಪ ಮುಳುಗಿತೆಂದರೆ ಸುದ್ದಿ ತಾನಾಗಿಯೇ ಮನೆಮನೆ ಮುಟ್ಟುತ್ತದೆ. ನಡೆಯಲಾಗದ ಅಜ್ಜನನ್ನು ಕಂಬಳಿ ಜೋಲಿಯಲ್ಲಿ ಹೊರಲು ಪಕ್ಕದ ಮನೆಯವರು ಕರೆಯದೆಯೇ ಬರುತ್ತಾರೆ. ಇಲ್ಲಿನವರೂ ಒಳ್ಳೆಯವರೇ, ಆದರೆ ಕರೆಯದೆ ಬರುವ ರೂಢಿಯಿಲ್ಲ. ಮೊದಲೇ ಬಾಗಿಲು ತಟ್ಟಿ ಕೇಳಿಟ್ಟುಕೊಳ್ಳಿ. ಮಲೆನಾಡಿನ ಸಂಕೋಚವನ್ನು ಊರಲ್ಲೇ ಬಿಟ್ಟು ಬಂದಿದ್ದರೆ ಒಳ್ಳೆಯದಿತ್ತು!

ನಾನು ಇಲ್ಲಿ ಅಂಗವಿಕಲರ ಮನೆಗಳಿಗೆ ಹೋಗುವ ಸಹಾಯಕಿ. 2022ರ ಫೆಬ್ರವರಿ ಕೊನೆಯಲ್ಲಿ ಬ್ರಿಸ್ಬೇನ್‌ನಲ್ಲಿ ಮೂರೇ ದಿನಕ್ಕೆ 600 ಮಿಲಿಮೀಟರ್ ದಾಟಿ ಮಳೆ ಸುರಿಯಿತು. ಆಗುಂಬೆಯವರಿಗೆ ಇದೇನು ಮಹಾ ಅನ್ನಿಸೀತು, ಆದರೆ ಈ ನಗರ ಅದಕ್ಕೆ ಕಟ್ಟಿದ್ದಲ್ಲ. ರಸ್ತೆ ಮುಳುಗಿದ ಮೇಲೆ ನನ್ನಂಥವರು ಕೆಲಸದ ಮನೆ ಮುಟ್ಟುವುದು ಹೇಗೆ? ಆದ್ದರಿಂದ ಸಹಾಯಕಿಯನ್ನು ಕಳಿಸುವ ಸಂಸ್ಥೆಯವರನ್ನು ನೇರವಾಗಿ ಕೇಳಿ: ಸಹಾಯಕಿ ಬರಲಾಗದಿದ್ದರೆ ಬದಲಿ ಯಾರು? ಅಂಗವಿಕಲರ ನೆರವಿಗೆ ಹಣ ಕೊಡುವ ಇಲ್ಲಿಯ ಸರ್ಕಾರಿ ಯೋಜನೆಯಾದ ಎನ್‌ಡಿಐಎಸ್‌ನಲ್ಲಿ ನೋಂದಾಯಿತ ಸಂಸ್ಥೆಗಳು ವಿಪತ್ತಿನ ಯೋಜನೆ ಇಟ್ಟುಕೊಳ್ಳಲೇಬೇಕು. ಆದರೆ ಅದು ಅವರ ಕಚೇರಿಯ ಕಪಾಟಿನಲ್ಲಿದ್ದರೆ ನಿಮಗೇನು ಪ್ರಯೋಜನ? ಒಂದು ಪ್ರತಿ ನಿಮ್ಮ ಫ್ರಿಜ್ ಬಾಗಿಲ ಮೇಲಿರಲಿ. ನಿಮ್ಮ ಮನೆಯ ವಿಪತ್ತಿನ ಯೋಜನೆ ಬರೆಯುವಾಗ ಯಜಮಾನರೇ ಹೇಳಲಿ, ಉಳಿದವರು ಕೇಳಲಿ. ಸಿಡ್ನಿ ವಿಶ್ವವಿದ್ಯಾಲಯದವರು ಅಂಗವಿಕಲರ ಜೊತೆ ಕೂತು ಮಾಡಿದ ಕೈಪಿಡಿಯೂ ವ್ಯಕ್ತಿಯಿಂದಲೇ ಶುರುವಾಗುತ್ತದೆ: ಮನೆ, ಓಡಾಟ, ಮಾತು, ಔಷಧಿ, ಉಪಕರಣ, ನೆರವಿನ ಜನ, ಸಾಕಿದ ಸಹಾಯಕ ನಾಯಿಯವರೆಗೆ.

ವಿದ್ಯುತ್ತಿನ ವಿಷಯ ಮುಖ್ಯ. ವೈದ್ಯರ ಪತ್ರ ಕೊಟ್ಟು, ಮನೆಯಲ್ಲಿ ಜೀವರಕ್ಷಕ ಯಂತ್ರವಿದೆಯೆಂದು ವಿದ್ಯುತ್ ಕಂಪನಿಯಲ್ಲಿ ನೋಂದಾಯಿಸಿ. ಆಗ ದುರಸ್ತಿಗೆಂದು ಕರೆಂಟು ತೆಗೆಯುವ ಮೊದಲು ಅವರು ತಿಳಿಸಲೇಬೇಕು. ಮರ ಬಿದ್ದು ತಂತಿ ಹರಿದರೆ ನೋಂದಣಿ ಏನೂ ಮಾಡದು. ಒಂದು ಭಾನುವಾರ ಯಂತ್ರವನ್ನು ಬರೀ ಬ್ಯಾಟರಿಯಲ್ಲಿ ಓಡಿಸಿ, ಎಷ್ಟು ಗಂಟೆ ತಡೆಯುತ್ತದೆಂದು ಗಡಿಯಾರ ಹಿಡಿದು ನೋಡಿ. ಅದರ ಅರ್ಧದಷ್ಟು ಹೊತ್ತು ಕಳೆಯುವುದರೊಳಗೆ ಎಲ್ಲಿಗೆ ಹೊರಡಬೇಕೆಂದು ಈಗಲೇ ತೀರ್ಮಾನಿಸಿ.

ಇನ್ನು ಲಿಫ್ಟು. ಬೆಂಕಿಯಾದರೆ ಬಳಸುವಂತಿಲ್ಲ, ಮತ್ತು ಆ ಬ್ಯಾಟರಿ ಕುರ್ಚಿಯ ತೂಕ 100 ಕಿಲೋ ದಾಟಿರಬಹುದು. ಅದನ್ನು ಬಿಟ್ಟು ಮನುಷ್ಯನನ್ನು ಇಳಿಸಬೇಕು. ಮೆಟ್ಟಿಲಿಳಿಸುವ ತುರ್ತು ಕುರ್ಚಿ ಕಟ್ಟಡದಲ್ಲಿದೆಯೇ ಎಂದು ಮೇಲ್ವಿಚಾರಕರನ್ನು ವಿಚಾರಿಸಿ. ಇದ್ದರೆ ಪಕ್ಕದ ಇಬ್ಬರನ್ನು ಕರೆದು, ನಿಮ್ಮವರನ್ನು ಕೂರಿಸಿ ಒಂದು ಮಹಡಿಯಾದರೂ ಇಳಿಸಿ ನೋಡಿ. ಎಲ್ಲಿ ಹಿಡಿದರೆ ನೋಯುತ್ತದೆ, ಎಲ್ಲಿ ಹಿಡಿಯಬಹುದು ಎಂದು ಅವರೇ ಹೇಳಿಕೊಡಲಿ. ಆಮೇಲೆ ಎಲ್ಲರಿಗೂ ಕಾಫಿ ಕೊಡಿ, ಜೊತೆಗೆ ಕೋಡುಬಳೆಯಿದ್ದರೆ ಮತ್ತೊಮ್ಮೆ ಕರೆದಾಗ ಓಡಿಬರುತ್ತಾರೆ.