ಮಳೆಗಾಲ ಕಳೆದ ಮೇಲೆ ಮಲೆನಾಡಿನ ಹಳ್ಳಿ ಹೇಗಿರುತ್ತದೆ, ಅಲ್ಲಿ ಯಾವ ಅಂಗಡಿ ನಡೆದೀತು?

ನೀವು ಕೇಳಿದ್ದು ಇಷ್ಟು: ದಸರಾ ರಜೆಯಲ್ಲಿ ತೀರ್ಥಹಳ್ಳಿ ಕಡೆ ಬಂದಿದ್ದಿರಿ, ಊರು ಮನಸ್ಸಿಗೆ ಹಿಡಿಸಿತು. ಬೆಂಗಳೂರಿನ ಕೆಲಸ ಬಿಟ್ಟು ಗಂಡ-ಹೆಂಡತಿ ಇಲ್ಲೇ ಬಂದು ಒಂದು ಚಿಕ್ಕ ಕೆಫೆ ಇಡಬಹುದೇ, ಈ ಕಾಲದಲ್ಲಿ ಇಲ್ಲಿಯವರ ದಿನ ಹೇಗೆ ಸಾಗುತ್ತದೆ ಎಂದು. ನನ್ನದು ಇದೇ ತಾಲ್ಲೂಕಿನ ಒಂದು ಕೈಮರದಲ್ಲಿ, ಅಂದರೆ ರಸ್ತೆ ಕೂಡುವ ಜಾಗದಲ್ಲಿ, ಕಿರಾಣಿ ಅಂಗಡಿ. ಅಪ್ಪ ಇಟ್ಟದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಕೆಫೆ ಬೇಡ ಎಂದೇ ನಾನು ಹೇಳುವುದು. ಯಾಕೆಂದು ಹೇಳಬೇಕಾದರೆ ಅಡಿಕೆಯಿಂದ ಶುರು ಮಾಡಬೇಕು.

ನೀವು ನೋಡಿದ ಆ ಹದಿನೈದು ದಿನ ಮಲೆನಾಡು ಚೆಂದ ಕಾಣುವುದು ನಿಜ. ಹಸ್ತ ಮಳೆ ಮುಗಿಯುತ್ತ ಬಂದಿರುತ್ತದೆ, ಗದ್ದೆಯಲ್ಲಿ ಭತ್ತ ಹೊಡೆ (ಒಳಗೇ ಇರುವ ತೆನೆ) ತುಂಬಿರುತ್ತದೆ, ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಚುರುಕು ಬಿಸಿಲು. ನಮಗೆ ಮಾತ್ರ ಆ ಬಿಸಿಲಿನ ಮೇಲೆ ನಂಬಿಕೆ ಇಲ್ಲ. ಇನ್ನೂ ಚಿತ್ತೆ, ಸ್ವಾತಿ, ವಿಶಾಖ ಅಂತ ನವೆಂಬರ್ ಮಧ್ಯದವರೆಗೆ ಮಳೆ ನಕ್ಷತ್ರಗಳಿವೆ. ‘ಕುರುಡು ಚಿತ್ತೆ ಎರಚಿದಲ್ಲಿ ಬೆಳೆ’ ಅನ್ನುತ್ತಾರೆ. ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಟ್ಟುಹೋಗುವ ಮಳೆ ಅದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ಇಲ್ಲಿ ಅಂಗಳದಲ್ಲಿ ಹರಡಿದ ಅಡಿಕೆಗೆ ಟಾರ್ಪಾಲು ಎಳೆಯಬೇಕು.

ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಶುರುವಾಗುವುದು ಈ ಹೊತ್ತಿಗೇ. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಗೊನೆಗಳು ಬಲಿತ ಹಾಗೆ ಎರಡು ಮೂರು ಕೊಯ್ಲು ಆಗುತ್ತದೆ, ಜನವರಿಯವರೆಗೂ ಎಳೆಯುತ್ತದೆ. ಎಳೆಯದು ಸರಕು, ಬೆಟ್ಟೆ ಅನ್ನುವ ದರ್ಜೆಯ ಮಾಲಾಗುತ್ತದೆ. ಬಲಿತದ್ದು ರಾಶಿ ಇಡಿ. ಹಣ್ಣಾಗುತ್ತ ಬಂದದ್ದು ಗೊರಬಲು. ಬೆಲೆಯಲ್ಲಿ ಸರಕು ಎಲ್ಲಕ್ಕಿಂತ ಮೇಲೆ, ಗೊರಬಲು ಕೆಳಗೆ. ಹಾಗಾಗಿ ಕೊಯ್ಲು ಎರಡು ವಾರ ತಡವಾದರೆ ಬರೀ ತಡವಾಯಿತು ಅಂತ ಸುಮ್ಮನಿರಲು ಆಗುವುದಿಲ್ಲ, ಮಾಲಿನ ಜಾತಿಯೇ ಬದಲಾಗಿಬಿಡುತ್ತದೆ. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡ ಯಾವ ದಿನ ಯಾರ ತೋಟಕ್ಕೆ ಅನ್ನುವುದು ಊರಿನ ದೊಡ್ಡ ರಾಜಕೀಯ. ಮರ ಹತ್ತುವವರು ಕಡಿಮೆಯಾಗಿದ್ದಾರೆ. ಈಗೀಗ ನೆಲದಲ್ಲೇ ನಿಂತು ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಆದರೆ ಅದನ್ನು ಹಿಡಿದು ದಿನವಿಡೀ ಕತ್ತೆತ್ತಿ ನಿಲ್ಲುವವನಿಗೂ ಹತ್ತುವವನಷ್ಟೇ ಕೂಲಿ ಕೊಡಬೇಕು, ಅವನೂ ಸುಲಭಕ್ಕೆ ಸಿಗುವುದಿಲ್ಲ.

ಕೊಯ್ದದ್ದನ್ನು ಇಟ್ಟುಕೊಂಡು ಕೂರುವ ಹಾಗಿಲ್ಲ. ಸುಲಿಯಬೇಕು, ಚೊಗರು (ಮೊದಲು ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ ಬೇಯಿಸಬೇಕು, ಒಣಗಿಸಬೇಕು. ರಾತ್ರಿ ಊಟವಾದ ಮೇಲೆ ಹೆಂಗಸರು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತರೆ ಹನ್ನೊಂದೋ ಹನ್ನೆರಡೋ ಆಗುವ ತನಕ ಏಳುವುದಿಲ್ಲ. ಕೂಲಿ ಕೆ.ಜಿ. ಲೆಕ್ಕವೋ ಡಬ್ಬದ ಲೆಕ್ಕವೋ, ಮನೆ ಮನೆಗೆ ಬೇರೆ. ನಡುವೆ ಒಂದು ಸಲ ಚಹಾ, ಎಲೆಯಡಿಕೆ. ಊರಿನ ಎಲ್ಲ ಸುದ್ದಿಯೂ ಸಿಪ್ಪೆಯ ಜೊತೆಗೇ ಬಿಡಿಸಿಕೊಂಡು ಬರುವುದು ಅಲ್ಲೇ. ನೀವು ಇಲ್ಲಿಗೆ ಬಂದು ನೆಲೆಸುವವರಾದರೆ ನಿಮ್ಮ ಜಾತಕವೂ ಅಲ್ಲಿ ಮೊದಲು ಓದಲ್ಪಡುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಈಗ ಸುಲಿಯುವ ಯಂತ್ರಗಳು ಬಂದು ಈ ಕೂಟ ತೆಳ್ಳಗಾಗಿದೆ. ನೂರು ಕೆ.ಜಿ. ಹಸಿ ಅಡಿಕೆಗೆ ಒಣಗಿದ ಮಾಲು ಸಿಗುವುದು ಸುಮಾರು 12–13 ಕೆ.ಜಿ. ಅಷ್ಟಕ್ಕೆ ಇಷ್ಟೊಂದು ಜನ, ಇಷ್ಟೊಂದು ಸೌದೆ ಯಾಕೆ ಅಂತ ತೋಟದ ಮೇಲೆಯೇ ಹಸಿ ಅಡಿಕೆ ಮಾರಿ ಕೈತೊಳೆದುಕೊಳ್ಳುವವರೂ ಹೆಚ್ಚಿದ್ದಾರೆ. ಅವರನ್ನು ತಪ್ಪು ಅನ್ನಲಾರೆ. ಮಕ್ಕಳೆಲ್ಲ ನಿಮ್ಮ ಬೆಂಗಳೂರಿನಲ್ಲಿರುವಾಗ ಎಪ್ಪತ್ತು ದಾಟಿದ ಗಂಡ-ಹೆಂಡತಿ ಹಂಡೆಗೆ ಬೆಂಕಿ ಹಾಕುತ್ತ ಕೂರಲು ಆಗುತ್ತದೆಯೇ?

ಇನ್ನು ವ್ಯಾಪಾರ. ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನ ಅಂಗಡಿಯ ಮುಕ್ಕಾಲು ಪಾಲು ಉದ್ರಿ. ಮಳೆಯಲ್ಲಿ ದುಡ್ಡು ಓಡಾಡುವುದಿಲ್ಲ. ಇದ್ದದ್ದೆಲ್ಲ ಮಕ್ಕಳ ಫೀಸಿಗೆ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹೋಗಿರುತ್ತದೆ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಅದನ್ನು ಹೊಡೆಯುವವನ ಕೂಲಿ ಬೇರೆ. ಮಳೆ ಬಿಡದಿದ್ದರೆ ಮತ್ತೊಮ್ಮೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗದ ಔಷಧಿಯೂ ಸೇರಿದೆ. ಅಕ್ಕಿ, ಬೇಳೆ, ಎಣ್ಣೆ, ಸೋಪು, ಚಾಪುಡಿ ಎಲ್ಲವೂ ‘ಬರ್ಕೊಳಿ’. ನಾನೂ ಪೇಟೆಯ ಹೋಲ್‌ಸೇಲಿನವರ ಹತ್ತಿರ ಅದೇ ಮಾತು ಹೇಳಿ ಬಂದಿರುತ್ತೇನೆ. ಆ ಸರಪಳಿ ಪೂರ್ತಿ ಬಿಚ್ಚುವುದು ಹೊಸ ಅಡಿಕೆ ಮಂಡಿಗೆ ಹೋದ ಮೇಲೆ. ಕೆಲವರು ಖಾಸಗಿ ಮಂಡಿಗೆ ಹಾಕುತ್ತಾರೆ, ಮುಂಗಡ ಅಲ್ಲೇ ತಂದಿರುತ್ತಾರೆ. ಕೆಲವರು 1939ರಲ್ಲಿ ಶುರುವಾದ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್‌ಗೆ ಹಾಕಿ ರೇಟು ನೋಡುತ್ತ ಕಾಯುತ್ತಾರೆ. ಅವರು ಕಾದರೆ ನಾನೂ ಕಾಯಬೇಕು. ಶಿವಮೊಗ್ಗದ ಮಾರುಕಟ್ಟೆ ಧಾರಣೆಯನ್ನು ಅಡಿಕೆ ಮರವೇ ಇಲ್ಲದ ನಾನು ದಿನಾ ನೋಡುವುದು ಇದೇ ಕಾರಣಕ್ಕೆ.

ದೀಪಾವಳಿಯ ಅಂಗಡಿ ಪೂಜೆ ಸಂಜೆ ಮಂಡಕ್ಕಿ-ಕೊಬ್ಬರಿ, ಸಿಹಿ ಇಟ್ಟುಕೊಂಡು ಕೂತಿರುತ್ತೇವೆ. ಬಂದವರು ಸುಮ್ಮನೆ ಬರುವುದಿಲ್ಲ, ಹೊಸ ಪುಸ್ತಕ ಪೂಜೆಗಿಟ್ಟ ದಿನ ಹಳೆ ಬಾಕಿಗೆ ಏನಾದರೂ ಜಮೆ ಮಾಡುವುದು ಮರ್ಯಾದೆ. ಪೂರ್ತಿ ತೀರಿಸಲು ಎಳ್ಳಮಾವಾಸ್ಯೆ ಜಾತ್ರೆಯವರೆಗೆ ಗಡುವು ಅಂತ ನಮ್ಮ ಕೈಮರದಲ್ಲಿ ಯಾರೂ ಬರೆಯದ ಒಪ್ಪಂದವಿದೆ. ಯುಪಿಐ ಬಂದ ಮೇಲೆ ಉದ್ರಿ ಕಡಿಮೆಯಾದೀತು ಅಂದುಕೊಂಡಿದ್ದೆ. ಏನೂ ಆಗಲಿಲ್ಲ, ಬಾಕಿ ಮೊಬೈಲಿನಲ್ಲಿ ಬರುತ್ತದೆ ಅಷ್ಟೇ.

ನನ್ನ ಪಕ್ಕದಲ್ಲಿ ಇರುವುದು ಒಂದು ಹೋಟೆಲು, ಒಂದು ಬೈಕ್ ಗ್ಯಾರೇಜು, ಟೈಲರ್, ಕ್ಷೌರದಂಗಡಿ, ಹಾಲಿನ ಡೇರಿ, ಸ್ವಲ್ಪ ಆಚೆಗೆ ಸೊಸೈಟಿ ಮತ್ತು ಅಕ್ಕಿ ಗಿರಣಿ. ಹೋಟೆಲಿನವರಿಗೆ ಈ ಮೂರು ತಿಂಗಳೇ ವರ್ಷದ ದುಡಿಮೆ, ಬೆಳಿಗ್ಗೆ ಆರಕ್ಕೇ ಕೊನೆ ಕೊಯ್ಲಿನವರು ತಿಂಡಿಗೆ ಬಂದು ನಿಂತಿರುತ್ತಾರೆ. ಅವರಲ್ಲಿ ಬಯಲುಸೀಮೆಯವರೂ ಉಂಟು, ಅಸ್ಸಾಂ, ಬಿಹಾರದ ಹುಡುಗರೂ ಉಂಟು. ಅವರಿಗಾಗಿ ಹೋಟೆಲಿನವರು ಈಗ ಚಪಾತಿ ಶುರು ಮಾಡಿದ್ದಾರೆ, ನಾನು ಸಾಸಿವೆ ಎಣ್ಣೆ ತರಿಸುತ್ತೇನೆ. ಟೈಲರಿಗೆ ದೀಪಾವಳಿಗೆ ಮೊದಲಿನಷ್ಟು ಹೊಲಿಗೆ ಇಲ್ಲ, ರೆಡಿಮೇಡು ತಿಂದುಹಾಕಿದೆ. ಗಿರಣಿ ಮಾತ್ರ ಗದ್ದೆ ಕೊಯ್ಲಾಗುವ ತನಕ ಮಲಗಿರುತ್ತದೆ. ಗದ್ದೆಗಳೇ ತೋಟವಾಗುತ್ತಿರುವಾಗ ಅದು ಇನ್ನೆಷ್ಟು ವರ್ಷವೋ.

ಹಬ್ಬಗಳನ್ನೂ ಹೇಳಬೇಕು, ಯಾಕೆಂದರೆ ಅಂಗಡಿ ತೆರೆಯುವವರು ಅದರ ಲೆಕ್ಕ ಹಿಡಿದೇ ಮಾಲು ತರಿಸುವುದು. ಆಶ್ವಯುಜ ಹುಣ್ಣಿಮೆಗೆ ಭೂಮಿ ಹುಣ್ಣಿಮೆ. ಹಿಂದಿನ ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಹೊಡೆ ತುಂಬಿದ ಭೂಮಿಗೆ ಬಸುರಿಗೆ ಬಡಿಸಿದ ಹಾಗೆ ಬಡಿಸುತ್ತಾರೆ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಆ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ, ಭೂಮಣ್ಣಿ ಬುಟ್ಟಿ ಅಂತ ಅದರ ಹೆಸರು. ಒಮ್ಮೆ ನೋಡಿ ಬನ್ನಿ, ಆದರೆ ದಯವಿಟ್ಟು ಫೋಟೋ ತೆಗೆಯಲಿಕ್ಕೆ ಮುಂದೆ ನುಗ್ಗಬೇಡಿ. ದೀಪಾವಳಿಗೆ ಬೂರೆ ನೀರು (ಬಾವಿಯಿಂದ ತರುವ ಹಬ್ಬದ ನೀರು), ಗೋಪೂಜೆ, ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆ ಮನೆಗೆ ಬರುತ್ತಾರೆ. ಅದು ಮುಗಿದರೆ ಯಕ್ಷಗಾನ ಮೇಳಗಳ ತಿರುಗಾಟ ಶುರು. ಆಟ ಇದ್ದ ರಾತ್ರಿ ಬಯಲಿನಲ್ಲಿ ಚುರುಮುರಿ, ಚಹಾ ಇಟ್ಟವನ ಗಳಿಕೆ ನನ್ನ ಒಂದು ವಾರದ ಗಳಿಕೆಯನ್ನು ಮೀರಿಸುತ್ತದೆ. ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ.

ಈಗ ನಿಮ್ಮ ಕೆಫೆಗೆ ಬರೋಣ. ಆಗುಂಬೆ, ಕವಲೇದುರ್ಗ, ಕುಪ್ಪಳಿಗೆ ಹೋಗುವ ಕಾರುಗಳು ದಸರಾ ರಜೆಯಲ್ಲಿ, ಆಮೇಲೆ ಶನಿವಾರ-ಭಾನುವಾರ ಬರುತ್ತವೆ. ಮಂಗಳವಾರ ಮಧ್ಯಾಹ್ನ ನಿಮ್ಮ ಕಾಫಿ ಯಾರು ಕುಡಿಯಬೇಕು? ಊರಿನವರು ಹೋಟೆಲಿಗೇ ಹೋಗುತ್ತಾರೆ, ಅಲ್ಲಿ ಬೆಲೆಯೂ ಕಡಿಮೆ, ಬರೆಸಲೂಬಹುದು. ಇನ್ನೂ ದೊಡ್ಡ ತೊಡಕು ಕೆಲಸದವರದ್ದು. ಪ್ರವಾಸಿಗರು ಬರುವ ತಿಂಗಳುಗಳಲ್ಲೇ ಅಡಿಕೆಯವರು ಹೆಚ್ಚು ಕೂಲಿ ಕೊಟ್ಟು ಎಲ್ಲರನ್ನೂ ಕರೆದುಕೊಂಡು ಹೋಗಿರುತ್ತಾರೆ. ಪಾತ್ರೆ ತೊಳೆಯುವುದರಿಂದ ಹಿಡಿದು ಗಲ್ಲಾಪೆಟ್ಟಿಗೆಯವರೆಗೆ ನೀವಿಬ್ಬರೇ. ನಮ್ಮ ಸುತ್ತಿನ ಹೋಂಸ್ಟೇಗಳಲ್ಲಿ ಗಟ್ಟಿಯಾಗಿ ನಿಂತವು ಯಾವುವೆಂದರೆ ತೋಟ, ಮನೆ, ಅಡುಗೆ ಎಲ್ಲ ಮೊದಲೇ ಇದ್ದು, ಎರಡು ಕೋಣೆ ಬಿಟ್ಟುಕೊಟ್ಟವರದ್ದು. ಅತಿಥಿ ಬಾರದ ತಿಂಗಳು ಅವರಿಗೆ ನಷ್ಟವಿಲ್ಲ. ಬಾಡಿಗೆ ಕಟ್ಟಿ ಶುರು ಮಾಡಿದವರು ಮೊದಲ ಮಳೆಗಾಲಕ್ಕೇ ಬಾಗಿಲು ಹಾಕಿದ್ದನ್ನು ಕಂಡಿದ್ದೇನೆ.

ನನ್ನ ಕೇಳಿದರೆ, ಈ ಕೈಮರಕ್ಕೆ ಬೇಕಾಗಿರುವುದು ರಿಪೇರಿ ಅಂಗಡಿ. ಕೊಯ್ಲಿನ ನಡುವೆ ಸುಲಿಯುವ ಯಂತ್ರದ ಬೆಲ್ಟ್ ಹರಿದರೆ, ಮೋಟಾರು ಸುಟ್ಟರೆ ತೀರ್ಥಹಳ್ಳಿಗೆ ಒಯ್ಯಬೇಕು. ಅಲ್ಲಿ ಸರದಿ, ಇಲ್ಲಿ ಸುಲಿಯದ ಅಡಿಕೆ ರಾಶಿ. ಮೋಟಾರು, ದೋಟಿ, ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪು, ಇಷ್ಟನ್ನು ಬಿಚ್ಚಿ ಜೋಡಿಸಬಲ್ಲ ಒಬ್ಬ ಹುಡುಗನನ್ನು ಕರೆತಂದು, ಬಿಡಿಭಾಗ ಇಟ್ಟುಕೊಂಡು ಕೂತರೆ ಮಳೆಗಾಲಕ್ಕೆ ಪಂಪು, ಚಳಿಗಾಲಕ್ಕೆ ಸುಲಿಯುವ ಯಂತ್ರ, ಬೇಸಿಗೆಗೆ ನೀರಿನ ಮೋಟಾರು ಅಂತ ವರ್ಷವಿಡೀ ಕೆಲಸ. ಜೊತೆಗೆ ಟಾರ್ಪಾಲು, ಗೋಣಿಚೀಲ, ಮೆಟ್ಟುಗತ್ತಿ ಮಾರಬಹುದು. ಚೀಲ ನಾನೂ ಮಾರುತ್ತೇನೆ, ಆದರೂ ಹೇಳುತ್ತಿದ್ದೇನೆ. ನೀವು ಕಂಪ್ಯೂಟರ್ ಬಲ್ಲವರು ಅಂದಿರಿ. ಪಹಣಿ, ಬೆಳೆ ವಿಮೆ, ಆಧಾರ್ ಜೋಡಣೆ ಅಂತ ಜನ ಪೇಟೆಗೆ ಅಲೆಯುತ್ತಾರೆ, ಅಂಥ ಅರ್ಜಿ ಹಾಕಿಕೊಡುವ ಒಂದು ಮೇಜೂ ಅದೇ ಕಟ್ಟಡದಲ್ಲಿ ನಡೆಯುತ್ತದೆ. ಕೇಳಲು ಕೆಫೆಯಷ್ಟು ಚೆಂದವಿಲ್ಲ, ಗೊತ್ತು.

ಜಾಗ ಕೊಳ್ಳುವ ಆತುರ ಬೇಡ. 2020ರ ತಿದ್ದುಪಡಿಯ ನಂತರ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ನಿಜ. ಆದರೆ ದಲ್ಲಾಳಿ ತೋರಿಸುವ ‘ವ್ಯೂ ಇರುವ ಗುಡ್ಡ’ ಎಷ್ಟೋ ಸಲ ಸೊಪ್ಪಿನಬೆಟ್ಟವಾಗಿರುತ್ತದೆ. ತೋಟದವರಿಗೆ ಅಲ್ಲಿ ಸೊಪ್ಪು, ದರಗು (ಉದುರಿದ ಒಣ ಎಲೆ) ತರುವ ಸವಲತ್ತು ಇದೆಯೇ ಹೊರತು ಮಾರುವ ಹಕ್ಕು ಇಲ್ಲ. ಬಗರ್‌ಹುಕುಂ ಜಾಗವನ್ನೂ, ಅಂದರೆ ಮಂಜೂರಾಗದೆ ಸಾಗುವಳಿ ಮಾಡಿದ ಸರ್ಕಾರಿ ಜಾಗವನ್ನೂ, ಮುಗುಳ್ನಗುತ್ತ ತೋರಿಸುವವರಿದ್ದಾರೆ. ಪಹಣಿ ಹಿಡಿದು ತಾಲ್ಲೂಕು ಕಚೇರಿಗೆ ನೀವೇ ಹೋಗಿ ನೋಡಿ. ಅಂಗಡಿಗೆ ಗ್ರಾಮ ಪಂಚಾಯಿತಿ ಪರವಾನಗಿ ಬೇಕು, ತಿನ್ನುವ ಪದಾರ್ಥ ಇಟ್ಟರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯೂ ಬೇಕು.

ಇನ್ನೊಂದು, ನವೆಂಬರ್ ಕಳೆದ ಮೇಲೆ ಕಾಡು ಸುತ್ತುವ ಆಸೆ ಇದ್ದರೆ ಮಂಗನ ಕಾಯಿಲೆಯ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿಯೇ ಹೋಗಿ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಜ್ವರ ಅದು, ಉಣುಗಿನಿಂದ ಹರಡುತ್ತದೆ. ಒಣಹವೆ ಶುರುವಾದ ಮೇಲೆ ಬೇಸಿಗೆ ಮುಗಿಯುವ ತನಕ ಅದರ ಕಾಲ. ಮಂಗ ಸತ್ತುಬಿದ್ದ ಸುದ್ದಿ ಬಂದ ಕಡೆಗೆ ನಾವ್ಯಾರೂ ದರಗಿಗೆ ಹೋಗುವುದಿಲ್ಲ.

ಮುಂದಿನ ಸಲ ಬರುವಾಗ ರಜೆಯಲ್ಲಿ ಬರಬೇಡಿ. ದೀಪಾವಳಿ ಕಳೆದು ಒಂದು ವಾರ ಬಿಟ್ಟು, ಮಧ್ಯವಾರದಲ್ಲಿ ಬನ್ನಿ. ಒಮ್ಮೆ ಜುಲೈಯಲ್ಲೂ ಬಂದು ವಾರವಿಡೀ ಇರಿ. ಕೈಮರದಲ್ಲಿ ಟೈಲರ್ ಪಕ್ಕದ ಮಳಿಗೆ ಖಾಲಿ ಇದೆ. ಬಾಡಿಗೆ ಮಾತಾಡುವುದಾದರೆ ಯಜಮಾನರು ಕೊಯ್ಲು ಮುಗಿಯುವ ತನಕ ಸಂಜೆ ಏಳರ ಮೇಲೆಯೇ ಸಿಗುವುದು.