ರೇಡಿಯೇಟರ್ ಇಲ್ಲದ ಇಂಜಿನ್ನಿಗೆ ನೀರು

ಪ್ರಿಯ ಲೇಖಕರಿಗೆ,

ನಿಮ್ಮ ‘ಹಿಂದಿರುಗದ ಮೆಕ್ಯಾನಿಕ್’ ಕತೆ ಓದಿದೆ. 1943ರ ಅಸ್ಸಾಂ, ದಿಂಜಾನ್ ವಿಮಾನನೆಲೆ, ಬೆಟ್ಟಸಾಲು ದಾಟಿ ಚೀನಾದ ಕುನ್‌ಮಿಂಗ್‌ಗೆ ಸರಕು ಹೊರುವ ಅಮೆರಿಕದ ಸಿ-47 ವಿಮಾನ, ಅದರ ಜೊತೆಗೇ ಕಾಣೆಯಾದ ಮೆಕ್ಯಾನಿಕ್. ವಸ್ತು ಒಳ್ಳೆಯದು, ಭಾಷೆಯೂ ಹದವಾಗಿದೆ. ಆದರೆ ಎರಡನೆಯ ಪುಟದ ಈ ಸಾಲಿನಲ್ಲಿ ನನ್ನ ತಾಳ್ಮೆ ಕೆಟ್ಟಿತು:

“ಅವನು ರೇಡಿಯೇಟರಿಗೆ ನೀರು ತುಂಬಿ, ಬೋಲ್ಟುಗಳನ್ನೆಲ್ಲ ಬಿಗಿ ಮಾಡಿ, ಬಟನ್ ಒತ್ತಿ ಇಂಜಿನ್ ಶುರು ಮಾಡಿದ.”

ಯಾವ ರೇಡಿಯೇಟರ್? ಸಿ-47ರ ಇಂಜಿನ್ ಗಾಳಿಗೆ ತಣಿಯುವಂಥದ್ದು. 14 ಸಿಲಿಂಡರುಗಳು ಎರಡು ಸುತ್ತಾಗಿ ಕೂತಿರುತ್ತವೆ, ಒಂದು ಹನಿ ನೀರೂ ಬೇಡ. ಮೆಕ್ಯಾನಿಕ್ ನೀರು ತುಂಬುವವನಲ್ಲ, ತೆಗೆಯುವವನು. ರಾತ್ರಿಯ ತಂಪಿಗೆ ಪೆಟ್ರೋಲ್ ಟ್ಯಾಂಕಿನೊಳಗೆ ತೇವ ಹನಿಗಟ್ಟಿ ತಳಕ್ಕಿಳಿದಿರುತ್ತದೆ. ಬೆಳಿಗ್ಗೆ ತಳದ ಡ್ರೇನ್ ತೆರೆದು, ಬರೀ ಪೆಟ್ರೋಲ್ ಬರುವವರೆಗೂ ಹರಿಯಬಿಡಬೇಕು. ಬಿಟ್ಟರೆ ಆ ನೀರು ಟೇಕಾಫ್ ಹೊತ್ತಿಗೆ ಕಾರ್ಬ್ಯುರೇಟರ್ ಸೇರುತ್ತದೆ, ಇಂಜಿನ್ ಉಸಿರು ಕಟ್ಟುತ್ತದೆ.

ಬೋಲ್ಟು “ಎಲ್ಲ” ಬಿಗಿ ಮಾಡುವುದು ಸೈಕಲ್ ಷಾಪಿನ ಮಾತು. ವಿಮಾನದಲ್ಲಿ ಬಿಗಿ ಮಾಡಿದ ಬೋಲ್ಟಿನ ತಲೆಗೆ ತಂತಿ ಪೋಣಿಸಿ ಹೊಸೆದು ಕಟ್ಟುತ್ತಾರೆ. ಬೋಲ್ಟು ಸಡಿಲವಾಗಲು ಹೊರಟರೆ ತಂತಿ ಅದನ್ನು ಬಿಗಿಯುವ ದಿಕ್ಕಿಗೇ ಎಳೆಯಬೇಕು. ತಿರುಗುಮುರುಗಾಗಿ ಕಟ್ಟಿದ ತಂತಿ ನೋಡಲು ಚೆಂದ, ಉಪಯೋಗ ಸೊನ್ನೆ.

ಇನ್ನು ಬಟನ್. ರಾತ್ರಿಯಿಡೀ ನಿಂತ ಇಂಜಿನ್ನಿನ ಕೆಳಗಿನ ಸಿಲಿಂಡರುಗಳಿಗೆ ಆಯಿಲ್ ಇಳಿದಿರುತ್ತದೆ. ಅದಕ್ಕೇ ಮೊದಲು ಇಗ್ನಿಷನ್ ಸ್ವಿಚ್ ಆಫ್ ಇದೆಯೆಂದು ಖಚಿತ ಮಾಡಿಕೊಂಡು, ಪ್ರೊಪೆಲ್ಲರನ್ನು ಕೈಯಲ್ಲೇ ಹತ್ತು-ಹದಿನೈದು ಬ್ಲೇಡಿನಷ್ಟು ತಿರುಗಿಸುತ್ತಾರೆ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಜೋರು ಮಾಡಕೂಡದು. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಆಯಿಲ್ ಸುರಿಯಬಿಡಬೇಕು. ಆಯಿಲ್ ಅದುಮಿಕೊಳ್ಳದ ವಸ್ತು. ಬಲವಂತ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿದ್ದು ಆಗ ತಿಳಿಯುವುದಿಲ್ಲ, ಮುರಿಯುವುದು ಎಷ್ಟೋ ಗಂಟೆ ಹಾರಿದ ಮೇಲೆ, ಬೆಟ್ಟದ ನೆತ್ತಿಯಲ್ಲಿ. ನಿಮ್ಮ ಕತೆಗೆ ಬೇಕಾದ ಭಯ ಇಷ್ಟು ಹತ್ತಿರದಲ್ಲಿರುವಾಗ ನೀವು ಗೂಬೆ ಕೂಗಿಸಿದ್ದೀರಿ!

ನಾನು ಕೆಲಸ ಕಲಿಯುವಾಗ ಹಿರಿಯ ಸಂಪಾದಕರೊಬ್ಬರು ಪ್ರತಿ ಪ್ಯಾರಾದ ಅಂಚಿನಲ್ಲಿ “ಕೈ ಏನು ಮಾಡುತ್ತಿತ್ತು?” ಎಂದು ಕೆಂಪು ಶಾಯಿಯಲ್ಲಿ ಗೀಚುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಈಗ ನಿಮ್ಮ ಅಂಚಿನಲ್ಲಿ ನಾನೇ ಐದು ಕಡೆ ಗೀಚಿದ್ದೇನೆ.

ಎರಡನೆಯ ತಕರಾರು ಕೊನೆಯ ಪುಟದ್ದು. “ಮೂರನೆಯ ದಿನ ಹೆಂಡತಿಗೆ ಸಾವಿನ ತಂತಿ ಬಂತು, ವಾರದೊಳಗೆ ಪೆಟ್ಟಿಗೆಯೂ ಬಂತು.” ಬರುವುದಿಲ್ಲ. ಅವಶೇಷ ಸಿಗದ ವಿಮಾನದವರನ್ನು ‘ಸತ್ತರು’ ಎನ್ನುತ್ತಿರಲಿಲ್ಲ, ‘ಕಾಣೆಯಾಗಿದ್ದಾರೆ’ ಎನ್ನುತ್ತಿದ್ದರು. ಅಮೆರಿಕದ 1942ರ ಕಾನೂನಿನಂತೆ ಹನ್ನೆರಡು ತಿಂಗಳಾದ ಮೇಲೆ ಕಡತ ಮತ್ತೆ ಪರಿಶೀಲಿಸಿ, ಸತ್ತಿದ್ದಾನೆಂದು ತೀರ್ಮಾನಿಸಬಹುದಿತ್ತು. ಅಲ್ಲಿಯವರೆಗೆ ಅವನ ಸಂಬಳ ಲೆಕ್ಕಕ್ಕೆ ಸೇರುತ್ತಲೇ ಇತ್ತು, ಮನೆಗೆ ಗೊತ್ತುಮಾಡಿದ ಪಾಲು ತಿಂಗಳು ತಿಂಗಳೂ ಹೋಗುತ್ತಿತ್ತು. ಬದುಕಿದ್ದಾನೋ ಇಲ್ಲವೋ ತಿಳಿಯದವನ ಸಂಬಳ ಎಣಿಸಿಕೊಳ್ಳುವ ಹೆಂಡತಿಯನ್ನು ಬಿಟ್ಟು, ಪೆಟ್ಟಿಗೆಯ ಮೇಲೆ ಬಿದ್ದು ಅಳುವ ಹೆಂಡತಿಯನ್ನು ಯಾಕೆ ತಂದಿರಿ?

ವಿಮಾನ ಉರಿದು ಬೀಳುವ ಪ್ಯಾರಾವನ್ನೂ ತೆಗೆಯಿರಿ. ಅದನ್ನು ಕಂಡವರು ಯಾರೂ ಇಲ್ಲ. ನೆಲೆಯಲ್ಲೇ ಉಳಿದ ಇನ್ನೊಬ್ಬ ಮೆಕ್ಯಾನಿಕ್ಕಿನ ಬಳಿ ನಿಲ್ಲಿ. ಟ್ಯಾಂಕಿನಲ್ಲಿ ಸುಮಾರು 800 ಗ್ಯಾಲನ್, ಗಂಟೆಗೆ ನೂರರ ಆಸುಪಾಸು ಖರ್ಚು. ಗುಣಾಕಾರ ಅವನಿಗೆ ಬಾಯಿಪಾಠ. ಎಂಟನೆಯ ಗಂಟೆ ದಾಟಿದಾಗ ಅವನಿಗೆ ಯಾರೂ ಏನೂ ಹೇಳಬೇಕಾಗಿಲ್ಲ. ಎದುರಿಗೆ ಚಕ್ರಕ್ಕೆ ಕೊಡುವ ಮರದ ಅಡೆಗಳು, ನೆಲದ ಮೇಲೆ ಆಯಿಲ್ ಕಲೆ.

ಉಳಿದ ಪುಟಗಳ ಬಗ್ಗೆ ಈಗ ಮಾತು ಬೇಡ. ಈ ಎರಡು ಪುಟ ಹೊಸದಾಗಿ ಬರೆದು ಕಳಿಸಿ. ಮತ್ತೆ ರೇಡಿಯೇಟರ್ ಕಂಡರೆ ಅಲ್ಲಿಗೇ ಓದು ನಿಲ್ಲಿಸುತ್ತೇನೆ.

ಸಂಪಾದಕ