ಆಂಪ್‌ಗೆ ಬೇರೆ ಕಂಪನಿಯ ಫುಟ್‌ಸ್ವಿಚ್: ಕೊಳ್ಳುವ ಮುಂಚೆ ಒಂದು ನಾಣ್ಯದ ಪರೀಕ್ಷೆ

ನಮಸ್ಕಾರ ಸರ್. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಚಾನೆಲ್‌ನ ಟ್ರಾನ್ಸಿಸ್ಟರ್ ಗಿಟಾರ್ ಆಂಪ್ ತಗೊಂಡಿದ್ದೀರಿ, ಜೊತೆಗೆ ಫುಟ್‌ಸ್ವಿಚ್, ಅಂದರೆ ಕಾಲಲ್ಲಿ ಒತ್ತಿ ಚಾನೆಲ್ ಬದಲಿಸುವ ಪೆಡಲ್, ಬಂದಿಲ್ಲ. ಕಂಪನಿಯದ್ದು ದುಬಾರಿ, ಆನ್‌ಲೈನಿನಲ್ಲಿ ಸಿಗುವ ಬೇರೆಯದ್ದು ಆಗುತ್ತಾ ಅಂತ ಕೇಳಿದ್ದೀರಿ. ಬಹಳಷ್ಟು ಸಲ ಆಗುತ್ತದೆ. ಆದರೆ ಪಿನ್ ಕೂತಿತು ಅಂದ ಮಾತ್ರಕ್ಕೆ ಪೆಡಲ್ ಕೆಲಸ ಮಾಡುತ್ತೆ ಅಂತಲ್ಲ.

ಗಣೇಶನ ಹಬ್ಬದ ಆರ್ಕೆಸ್ಟ್ರಾಗೆ ಎರಡು ದಿನ ಇರುವಾಗ ಅಂಗಡಿಯವರು ಕೊಟ್ಟ ಪೆಡಲನ್ನು ನಾನು ಹಾಗೇ ತಂದಿದ್ದೆ. ಅದು ಕೀಬೋರ್ಡಿನಲ್ಲಿ ಸ್ವರ ಎಳೆದು ಹಿಡಿಯಲು ಬಳಸುವ ಸಸ್ಟೇನ್ ಪೆಡಲ್. ಒತ್ತಿ ಹಿಡಿದಷ್ಟು ಹೊತ್ತು ಡ್ರೈವ್ (ಒರಟು ದನಿಯ ಚಾನೆಲ್), ಕಾಲು ತೆಗೆದ ತಕ್ಷಣ ಕ್ಲೀನ್ (ಸಾದಾ ದನಿಯದ್ದು). ಸೋಲೋ ಮುಗಿಯುವ ತನಕ ಕಾಲು ಎತ್ತುವ ಹಾಗೇ ಇರಲಿಲ್ಲ.

ವ್ಯತ್ಯಾಸ ಇರುವುದು ಇಲ್ಲೇ. ಲ್ಯಾಚಿಂಗ್ ಸ್ವಿಚ್ ಅಂದರೆ ಒಮ್ಮೆ ಒತ್ತಿದರೆ ಆನ್ ಆಗಿ ಹಾಗೇ ಉಳಿಯುತ್ತದೆ, ಮತ್ತೆ ಒತ್ತಿದರೆ ಆಫ್. ಮೊಮೆಂಟರಿ ಅಂದರೆ ಕಾಲಿಂಗ್ ಬೆಲ್ ಥರ, ಒತ್ತಿದಷ್ಟು ಹೊತ್ತು ಮಾತ್ರ. ಹೊರಗಿನಿಂದ ನೋಡಿದರೆ ಗೊತ್ತೇ ಆಗಲ್ಲ. ಬಾಸ್ ಕಂಪನಿಯ ಎಫ್‌ಎಸ್-5ಎಲ್ ಲ್ಯಾಚಿಂಗ್, ಎಫ್‌ಎಸ್-5ಯು ಮೊಮೆಂಟರಿ. ಹೆಸರಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಆರ್ಡರ್ ಮಾಡುವಾಗ ನೋಡಿಕೊಳ್ಳಿ.

ನಿಮ್ಮ ಆಂಪ್‌ಗೆ ಯಾವುದು ಬೇಕು ಅಂತ ಮನೆಯಲ್ಲೇ ತಿಳಿಯಬಹುದು. ವಾಲ್ಯೂಮ್ ಕಡಿಮೆ ಇಡಿ. ಗಿಟಾರ್ ಕೇಬಲಿನ ಒಂದು ತುದಿಯನ್ನು ಫುಟ್‌ಸ್ವಿಚ್ ಜ್ಯಾಕಿಗೆ ಹಾಕಿ. ಇನ್ನೊಂದು ತುದಿಯ ಪಿನ್ನಿನಲ್ಲಿ ಒಂದು ಕಪ್ಪು ಗೆರೆ ಇರುತ್ತಲ್ವಾ, ಅದರ ಎರಡೂ ಕಡೆಯ ಲೋಹಕ್ಕೆ ತಾಗುವ ಹಾಗೆ ಒಂದು ನಾಣ್ಯ ಒತ್ತಿ. ನಾಣ್ಯ ಇರುವಷ್ಟು ಹೊತ್ತು ಮಾತ್ರ ಚಾನೆಲ್ ಬದಲಾದರೆ ಲ್ಯಾಚಿಂಗ್ ಬೇಕು. ಒಮ್ಮೆ ಮುಟ್ಟಿ ತೆಗೆದ ಮೇಲೂ ಬದಲಾದದ್ದು ಹಾಗೇ ಉಳಿದರೆ ಮೊಮೆಂಟರಿ ಬೇಕು. ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್ ಇರುವ ಹಳೆಯ ವಾಲ್ವ್ ಆಂಪ್‌ಗಳಲ್ಲಿ ಮಾತ್ರ ಇದನ್ನು ಮಾಡಬೇಡಿ, ಕೆಲವದರಲ್ಲಿ ಆ ತಂತಿಯಲ್ಲಿ ಜಾಸ್ತಿ ವೋಲ್ಟೇಜ್ ಇರುತ್ತದೆ. ಇನ್ನೊಂದು, ಸ್ಪೀಕರ್ ಔಟ್ ಜ್ಯಾಕಿಗೆ ಮರೆತೂ ಹಾಕಬೇಡಿ. ಅಲ್ಲಿ ಶಾರ್ಟ್ ಆದರೆ ಆಂಪ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೇ ಸುಟ್ಟುಹೋಗಬಹುದು.

ಎರಡು ಬಟನ್ ಇರುವ ಪೆಡಲ್ ಆದರೆ ಕೇಬಲ್ ಸಾಮಾನ್ಯವಾಗಿ ಸ್ಟೀರಿಯೋ ಇರಬೇಕು, ಅಂದರೆ ಪಿನ್ನಿನ ಮೇಲೆ ಎರಡು ಕಪ್ಪು ಗೆರೆ. ವಾಕ್ಸ್ ಎಸಿ15, ಎಸಿ30 ಆಂಪ್‌ಗಳ ಎರಡು ಬಟನ್ ಪೆಡಲ್ ಈ ಥರದ್ದು, ಒಂದು ರಿವರ್ಬ್‌ಗೆ (ದನಿಗೆ ಗುಂಗು ಕೊಡುವುದು), ಇನ್ನೊಂದು ಟ್ರೆಮೊಲೋಗೆ (ದನಿಯನ್ನು ಏರಿಳಿಸುವುದು). ಇಂಥದ್ದಕ್ಕೆ ಒಂದೇ ಗೆರೆಯ ಮೋನೋ ಕೇಬಲ್ ಹಾಕಿದರೆ ಒಂದು ಬಟನ್‌ನ ತಂತಿ ಯಾವಾಗಲೂ ಶಾರ್ಟ್ ಆಗಿಯೇ ಇರುತ್ತದೆ. ಪೆಡಲ್ ಕೆಟ್ಟಿದೆ ಅಂತ ವಾಪಸ್ ಕಳಿಸುವವರಲ್ಲಿ ಹಲವರ ತೊಂದರೆ ಇಷ್ಟೇ.

ಫೆಂಡರ್ ಹಾಟ್ ರಾಡ್ ಡಿಲಕ್ಸ್ ಆಂಪ್ ಬೇರೆ ಥರ. ಮೋನೋ ಕೇಬಲ್ ಒಂದರಲ್ಲೇ ಎರಡು ಬಟನ್ ಕೆಲಸ ಮಾಡಲು ಪೆಡಲ್ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿದ್ದಾರೆ. ಅದಕ್ಕೆ ಆ ಮಾಡೆಲಿಗೇ ಅಂತ ಮಾಡಿದ್ದನ್ನೇ ತಗೊಳ್ಳಬೇಕು. ಲೈನ್ 6 ಸ್ಪೈಡರ್ ಥರ ನೆಟ್‌ವರ್ಕ್ ಕೇಬಲಿನ ಹಾಗಿರುವ ಜ್ಯಾಕ್ ಇದ್ದರೂ, ಹಲವು ಪಿನ್ನಿನ ಗುಂಡನೆಯ ಜ್ಯಾಕ್ ಇದ್ದರೂ ಸಾದಾ ಸ್ವಿಚ್ ನಡೆಯಲ್ಲ.

ಕೊಳ್ಳುವಾಗ ಕೇಬಲ್ ಬಿಚ್ಚಲು ಬರುವ ಪೆಡಲನ್ನೇ ನೋಡಿ. ಅಂಟಿಕೊಂಡೇ ಬರುವ ಕೇಬಲ್ ಡಬ್ಬಿಯ ಬುಡದಲ್ಲಿ ಮಡಚಿ ಮಡಚಿ ಒಳಗೇ ತುಂಡಾಗುತ್ತದೆ. ಡಬ್ಬಿ ಲೋಹದ್ದಾಗಿರಲಿ. ಬಂದ ಮೇಲೆ ಮಲ್ಟಿಮೀಟರನ್ನು ಬೀಪ್ ಮೋಡಿನಲ್ಲಿಟ್ಟು ಕೇಬಲ್ ಪಿನ್ನಿಗೆ ಹಿಡಿದು ನೋಡಿ. ಕಾಲು ತೆಗೆದ ಮೇಲೂ ಬೀಪ್ ನಿಲ್ಲದಿದ್ದರೆ, ಮತ್ತೆ ಒತ್ತಿ ಬಿಟ್ಟಾಗ ನಿಂತರೆ ಅದು ಲ್ಯಾಚಿಂಗ್.

ನನ್ನ ಕೇಳಿದರೆ, ಒಂದೇ ಬಟನ್ ಸಾಕು ಅಂದರೆ ನೀವೇ ಮಾಡಿಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಾಲಲ್ಲಿ ಒತ್ತುವ ಸ್ವಿಚ್, ಮೋನೋ ಜ್ಯಾಕ್, ಅಲ್ಯುಮಿನಿಯಂ ಡಬ್ಬಿ ಎಲ್ಲಾ ಹುಡುಕಬಹುದು. ಜ್ಯಾಕಿನ ಎರಡು ಕಾಲಿನಿಂದ ಸ್ವಿಚ್ಚಿನ ಎರಡು ಕಾಲಿಗೆ ಎರಡು ತಂತಿ ಬೆಸುಗೆ ಹಾಕಿದರೆ ಮುಗಿಯಿತು, ಬ್ಯಾಟರಿನೂ ಬೇಡ. ನಾನು ಈಗ ಬಳಸುತ್ತಿರುವುದು ಅಂಥದ್ದೇ.

ನಾಣ್ಯದ ಪರೀಕ್ಷೆ ಮಾಡಿ ಏನಾಯಿತು ಅಂತ ಇಲ್ಲೇ ಹಾಕಿ, ಆಂಪ್‌ನ ಹಿಂಭಾಗದ ಫೋಟೋನೂ ಇರಲಿ. ನೋಡಿ ಯಾವ ಥರದ್ದು ತಗೊಳ್ಳಬೇಕು ಅಂತ ಹೇಳುತ್ತೇನೆ.